ಫಿರ್ಕಿಯ ಹದಿನಾಲ್ಕು ದಿನ

ಮೂವತ್ತೆಂಟು — ಅಡುಗೆಮನೆಯ ಹೊಸ್ತಿಲಿಂದ ಬಾಲ್ಕನಿಯ ಗಾಜಿನ ಬಾಗಿಲವರೆಗೆ, ಅಲ್ಲಿ ಗಾಜಿಗೆ ಮೂಗು ತಾಗಿಸಿ ಮತ್ತೆ ಹೊಸ್ತಿಲಿಗೆ, ಟೈಲ್ಸ್ ಮೇಲೆ ಉಗುರಿನ ಸದ್ದು, ಇದು ಮೂವತ್ತೆಂಟನೆಯ ಸುತ್ತು, ಎಣಿಸಬಾರದು ಎಂದುಕೊಂಡೇ ಎಣಿಸುತ್ತಿದ್ದೇನೆ, ಹಾಲ್‌ನ ಉದ್ದ ಹದಿನಾಲ್ಕು ಅಡಿ, ಹೋಗಿ ಬಂದರೆ ಇಪ್ಪತ್ತೆಂಟು, ಮೂವತ್ತೆಂಟು ಸುತ್ತಿಗೆ ಸಾವಿರದ ಅರವತ್ತನಾಲ್ಕು ಅಡಿ, ಅಂದರೆ ಮುನ್ನೂರ ಇಪ್ಪತ್ತೈದು ಮೀಟರ್ ಕೂಡ ಆಗಲಿಲ್ಲ, ಬಾರ್ಡರ್ ಕೋಲಿಗೆ ಅದೊಂದು ಲೆಕ್ಕವೇ ಅಲ್ಲ, ಗುಡ್ಡದ ಮೇಲೆ ದಿನವಿಡೀ ಕುರಿಮಂದೆ ಕಾಯಲೆಂದು ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ತಳಿ, ಅದನ್ನು ನಾನು ಮಣಿನಗರದ ಮೂರನೆಯ ಮಹಡಿಗೆ, ಒಂದು ಬೆಡ್‌ರೂಮಿನ ಬಾಡಿಗೆ ಮನೆಗೆ ತಂದಿದ್ದೇನೆ — ತಂದಿದ್ದೇನೆ ಅಂದರೆ ಇನ್ನೂ ನನ್ನದಲ್ಲ, ಹದಿನಾಲ್ಕು ದಿನ ಇಟ್ಟುಕೊಂಡು ನೋಡಿ ಅಂದಿದ್ದಾರೆ, ಇವತ್ತು ಹದಿನಾಲ್ಕನೆಯ ದಿನ, ಭಾನುವಾರ, ಗಂಟೆ ನಾಲ್ಕು ಹತ್ತು, ಹೊರಗೆ ನಲವತ್ಮೂರು ಡಿಗ್ರಿ, ಆರಕ್ಕೆ ಪೂರ್ವಿ ಬರುತ್ತಾಳೆ, ವಡೋದರಾದಿಂದ ಹೊರಡುವಾಗ ಫೋನ್ ಮಾಡುತ್ತೇನೆ ಅಂದಿದ್ದಾಳೆ, ಜನ ಕೈಬಿಟ್ಟ ನಾಯಿಗಳಿಗೆ ಮನೆ ಹುಡುಕುವ ಹುಡುಗಿ, ಬಂದು ನನ್ನ ಸಹಿ ತೆಗೆದುಕೊಂಡು ಫಿರ್ಕಿಯನ್ನು ನನಗೆ ಬಿಟ್ಟುಹೋಗುತ್ತಾಳೆ, ಬಿಟ್ಟುಹೋಗುವುದು ಹೆಚ್ಚುಕಡಿಮೆ ತೀರ್ಮಾನವಾದ ಹಾಗೆ, ಯಾಕೆಂದರೆ ದಿನಾ ಎಷ್ಟು ನಿಮಿಷ ನಡೆಸಿದೆ ಎಂದು ತುಂಬಿ ನಾನು ಕಳಿಸಿದ ಹಾಳೆ ಹಾಗಿದೆ. ಹಾಳೆ ಟೀಪಾಯಿಯ ಮೇಲೆ ಫ್ಯಾನ್ ಗಾಳಿಗೆ ಒಂದು ಮೂಲೆ ಎತ್ತುತ್ತದೆ, ಇಳಿಸುತ್ತದೆ. ನಲವತ್ತು. ಕೂತುಕೋ ಫಿರ್ಕಿ, ಕೂತುಕೋ, ಅಂದರೆ ಕೂರುತ್ತಾಳೆ, ತಕ್ಷಣ, ಬೆನ್ನು ನೆಟ್ಟಗೆ, ಮುಂದಿನ ಅಪ್ಪಣೆ ಏನು ಎಂದು ನೋಡುತ್ತಾಳೆ, ನನ್ನ ಬಳಿ ಮುಂದಿನ ಅಪ್ಪಣೆ ಇಲ್ಲ, ಅದು ಅವಳಿಗೆ ಗೊತ್ತಾಗಲು ಹತ್ತು ಸೆಕೆಂಡು ಸಾಕು, ಎದ್ದಳು, ನಲವತ್ತೊಂದು.

ಗಾಳಿಪಟದ ದಾರ ಸುತ್ತುವ ಫಿರ್ಕಿ, ಆ ಹೆಸರು ಇಟ್ಟವರು ಸೂರತ್‌ನ ಮೊದಲ ಮನೆಯವರು, ಹನ್ನೆರಡನೆಯ ಮಹಡಿ, ಇಬ್ಬರು ಮಕ್ಕಳು, ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ ಇಂಥದ್ದೇ ಬೇಕು ಎಂದು ಮಕ್ಕಳು ಹಟ ಹಿಡಿದರಂತೆ, ಟೆರೇಸಿನಲ್ಲಿ ಗಾರ್ಡನ್ ಇದೆ, ದಿನಾ ಸಂಜೆ ಮಕ್ಕಳೇ ಆಡಿಸುತ್ತಾರೆ ಎಂದು ಅವರೂ ಎಲ್ಲೋ ಒಂದು ಫಾರ್ಮಿನಲ್ಲಿ ಬರೆದಿದ್ದಿರಬೇಕು, ಎಂಟು ತಿಂಗಳು, ಸೋಫಾ ಎರಡು, ಒಂದು ಫ್ರಿಜ್‌ನ ರಬ್ಬರು, ಕೊನೆಗೆ ಚಿಕ್ಕ ಹುಡುಗಿಯನ್ನು ಹಾಲ್‌ನ ಮೂಲೆಗೆ ಅಟ್ಟಿ ಅರ್ಧ ಗಂಟೆ ಅಲ್ಲಾಡದಂತೆ ನಿಲ್ಲಿಸಿದಳಂತೆ, ಕಚ್ಚಲಿಲ್ಲ, ಬೊಗಳಲಿಲ್ಲ, ಬರೀ ದಿಟ್ಟಿಸಿ ನಿಂತಳು, ಕುರಿಯನ್ನು ನಿಲ್ಲಿಸುವ ಹಾಗೆ. ಪೂರ್ವಿ ಇದನ್ನೆಲ್ಲ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಳು, ಆಮೇಲೇ ಫಾರ್ಮ್ ಕಳಿಸಿದ್ದು. ದಿನಕ್ಕೆ ಎಷ್ಟು ಗಂಟೆ ನಾಯಿ ಒಂಟಿ, ಎಷ್ಟು ನಿಮಿಷ ಓಡಾಟ, ಮನೆಯಲ್ಲಿ ಎಷ್ಟು ಜನ, ಈ ತಳಿಯೇ ಯಾಕೆ. ಕೊನೆಯ ಪ್ರಶ್ನೆಗೆ ನಾನು ಬರೆದದ್ದು: ನಾನು ಓಡುತ್ತೇನೆ. ಎರಡೇ ಶಬ್ದ, ವರ್ತಮಾನ ಕಾಲ. ಎಂಟುನೂರು ಮೀಟರ್ ಓಟದಲ್ಲಿ ಜಿಲ್ಲಾ ಮಟ್ಟದ ಬೆಳ್ಳಿ ಪದಕ, ದಾವಣಗೆರೆ, ಆಗ ನನಗೆ ಇಪ್ಪತ್ತು, ಈಗ ಮೂವತ್ತೊಂದು, ಕೊನೆಯ ಸಲ ಓಡಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಕಂಪನಿ ಬಸ್ಸಿನ ಹಿಂದೆ ಎನ್ನಬೇಕು. ಆದರೂ ಬರೆಯುವಾಗ ಸುಳ್ಳು ಅನ್ನಿಸಿರಲಿಲ್ಲ, ಬೆಳಿಗ್ಗೆ ನಾಲ್ಕೂವರೆಗೆ ಏಳುವ ಒಬ್ಬ ನಿಶ್ಚಿತಾ ಇದ್ದಾಳೆ, ಅವಳನ್ನು ಎಬ್ಬಿಸಲು ಯಾರಾದರೂ ಬೇಕು ಅಷ್ಟೆ, ಸೋಮಾರಿ ಲ್ಯಾಬ್ರಡಾರ್ ತಂದರೆ ಅವಳು ಏಳುವುದಿಲ್ಲ, ಆದ್ದರಿಂದ ಇದೇ ತಳಿ — ಅಂದರೆ ನಾಯಿಗೆ ನಾನು ಸರಿಹೊಂದುತ್ತೇನೆಯೇ ಎಂದು ಕೇಳಿಕೊಳ್ಳಲೇ ಇಲ್ಲ, ನಾಯಿ ಬಂದು ನನ್ನನ್ನು ಸರಿಮಾಡಲಿ ಎಂದು ಕಾದೆ, ಹದಿನಾಲ್ಕು ತಿಂಗಳ ಮರಿಯ ತಲೆಗೆ ಕಟ್ಟಿದ ಕೆಲಸ ಅದು. ಅಮ್ಮನಿಗೆ ಹೇಳಿದಾಗ ಅವಳು ನಗಲೂ ಇಲ್ಲ, ಬೈಯಲೂ ಇಲ್ಲ, ಒಂದ್ ಜೀವಕ್ಕೆ ಹೊತ್ತಿಗ್ ಸರಿಯಾಗಿ ಅನ್ನ ಬೇಯ್ಸಕೆ ಟೈಮಿಲ್ಲ ನಿಂಗೆ, ಇನ್ನೊಂದ್ ಜೀವ ಯಾಕೆ ತಂದ್ಕಂಡೆ, ಅಂದಳು, ಆಮೇಲೆ, ಏನ್ ತಿಂತತೆ ಅದು, ಅಂತ ಕೇಳಿದಳು.

ತಿನ್ನುವುದು ಸಮಸ್ಯೆಯೇ ಆಗಲಿಲ್ಲ, ಈ ಸೊಸೈಟಿಯಲ್ಲಿ ಮೊಟ್ಟೆ ಬೇಯಿಸುವಂತಿಲ್ಲ, ಪೂರ್ವಿ ಕೊಟ್ಟ ಒಣ ತಿಂಡಿ ಇದೆ, ಜೊತೆಗೆ ಎದುರು ಮನೆಯ ಮಾಸಿ, ಬೀದಿನಾಯಿಗಳಿಗೆ ದಿನಾ ಬಾಜ್ರಾ ರೊಟ್ಟಿ ಹಾಕುವವರು, ಮಧ್ಯಾಹ್ನ ಒಂದಕ್ಕೆ ನನ್ನ ಬಾಗಿಲ ಕೀಲಿ ತೆಗೆದು ನೀರು ತುಂಬಿ, ಅರ್ಧ ಗಂಟೆ ಕೂತು, ಹೋಗುತ್ತಾರೆ. ಅವರಿರುವುದರಿಂದಲೇ ನಾನು ಹಾಳೆಯ ಆ ಕಾಲಂನಲ್ಲಿ ಆರು ಎಂದು ಬರೆದದ್ದು, ನಾಯಿ ಸತತವಾಗಿ ಒಂಟಿಯಾಗಿರುವ ಗಂಟೆಗಳು: ಆರು, ಬೆಳಿಗ್ಗೆ ಆರು ಇಪ್ಪತ್ತಕ್ಕೆ ನನ್ನ ಬಸ್ಸು, ಒಂದಕ್ಕೆ ಮಾಸಿ, ಒಂದೂವರೆಗೆ ಮಾಸಿ ಹೊರಗೆ, ಏಳು ನಲವತ್ತಕ್ಕೆ ನಾನು ಒಳಗೆ, ಆರು ಗಂಟೆ ನಲವತ್ತು ನಿಮಿಷ ಒಮ್ಮೆ, ಆರು ಗಂಟೆ ಹತ್ತು ನಿಮಿಷ ಇನ್ನೊಮ್ಮೆ, ದಶಾಂಶ ಬಿಟ್ಟರೆ ಆರೇ — ಕೂಡಿಸಿ ಎಂದು ಹಾಳೆಯಲ್ಲಿ ಕೇಳಿರಲಿಲ್ಲ. ಅರ್ಜಿ ಹಾಕಿದಾಗ ಎಂಟು ಗಂಟೆಯ ಪಾಳಿ ಆಗುವುದರಲ್ಲಿತ್ತು, ವಟ್ವಾದ ನಮ್ಮ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಒಬ್ಬ ಕೆಮಿಸ್ಟ್ ಬಿಟ್ಟುಹೋಗಿ ಐದು ತಿಂಗಳು, ಅವನ ಪಾಳಿಯನ್ನು ಉಳಿದ ನಾವಿಬ್ಬರು ಹಂಚಿಕೊಂಡು ಏಳರಿಂದ ಏಳು, ಮುಂದಿನ ವಾರ ಹೊಸಬ ಬರುತ್ತಾನೆ ಎಂದು ನಮ್ಮ ಹಿರಿಯ ಸುಧೀರ್‌ಭಾಯಿ ಪ್ರತಿ ಶನಿವಾರ ಹೇಳುತ್ತಾರೆ, ಹೇಳುವಾಗ ಅವರ ಕಣ್ಣೂ ಕೆಂಪಗಿರುತ್ತದೆ, ಅವರನ್ನು ಬೈಯಲು ಮನಸ್ಸಾಗುವುದಿಲ್ಲ. ಮೊದಲ ಮೂರು ದಿನ ನಿಜ, ಸೋಮವಾರ, ಮಂಗಳವಾರ, ಬುಧವಾರ, ನಾಲ್ಕೂವರೆಗೆ ಎದ್ದು ಐದರಿಂದ ಆರು, ಸ್ಟೇಷನ್ ರಸ್ತೆ ಖಾಲಿ, ಚಹಾದವನು ಇನ್ನೂ ಒಲೆ ಹಚ್ಚುತ್ತಿದ್ದಾನೆ, ಬೆಲ್ಟು ಬಿಗಿಯಾಗಿ ಕೈಯನ್ನು ಎಳೆಯುತ್ತದೆ, ನಾನು ಓಡಿದೆ ಕೂಡ, ಮುನ್ನೂರು ಮೀಟರ್, ಎದೆಯಲ್ಲಿ ಉರಿ, ಫಿರ್ಕಿ ಓಡುತ್ತ ಓಡುತ್ತ ತಿರುಗಿ ನನ್ನ ಮುಖ ನೋಡುತ್ತಾಳೆ, ಇಷ್ಟೇನಾ ಎನ್ನುವಂತೆ ಅಲ್ಲ, ಈಗ ಶುರು ಮಾಡೋಣವೇ ಎನ್ನುವಂತೆ. ಸಂಜೆ ಎಂಟರ ಹೊತ್ತಿಗೂ ರಸ್ತೆ ಕಾದಿರುತ್ತದೆ, ಅಂಗೈ ಹಿಂಬದಿಯನ್ನು ಡಾಂಬರಿಗೆ ಒತ್ತಿ ಏಳು ಸೆಕೆಂಡು ಎಣಿಸಬೇಕು, ಐದಕ್ಕೇ ಕೈ ಎಳೆದುಕೊಂಡರೆ ನಾಯಿಯ ಪಾದಕ್ಕೂ ಆಗದು, ಪಾರ್ಕಿಂಗ್‌ನಲ್ಲೇ ಸುತ್ತಬೇಕು. ಅಲ್ಲಿ ಒಂದು ಸಂಜೆ ಸೈಕಲ್ ತುಳಿಯುತ್ತಿದ್ದ ಮೂರು ಮಕ್ಕಳನ್ನು ಬೆಲ್ಟು ತಪ್ಪಿಸಿಕೊಂಡು ಸುತ್ತುಹಾಕಿ ಸುತ್ತುಹಾಕಿ ಸ್ಕೂಟರ್‌ಗಳ ಸಂದಿಗೆ ಸೇರಿಸಿದಳು, ಆಮೇಲೆ ಕಸ ಹಾಕಲು ಬಂದ ಮಾಸಿಯನ್ನೂ ಅಲ್ಲಿಗೇ ತಂದಳು, ಮಾಸಿ ಹೆದರಲಿಲ್ಲ, ಮಕ್ಕಳ ಮಧ್ಯೆ ನಿಂತು ಜೋರಾಗಿ, ಇವಳನ್ನೇ ಸೊಸೈಟಿಯ ಸೆಕ್ರೆಟರಿ ಮಾಡಿ, ಮೀಟಿಂಗಿಗೆ ಒಬ್ಬರೂ ತಪ್ಪಿಸಿಕೊಳ್ಳುವುದಿಲ್ಲ, ಅಂದರು, ನಕ್ಕರು, ಲಿಫ್ಟಿನಲ್ಲಿ ಮಾತ್ರ ನನ್ನ ಕಡೆ ತಿರುಗಿ ದನಿ ಇಳಿಸಿ, ಬೇಟಾ, ಇದಕ್ಕೆ ಕೆಲಸ ಬೇಕು, ಮಧ್ಯಾಹ್ನ ನಾನು ಬಂದಾಗ ನನ್ನ ಚಪ್ಪಲಿಯನ್ನು ಜೋಡಿಸಿಡುತ್ತೆ, ಅಂದರು.

ಗುರುವಾರ ನಲವತ್ತು ನಿಮಿಷ, ಶುಕ್ರವಾರ ಇಪ್ಪತ್ತೈದು, ಶನಿವಾರ ಹದಿನೈದು, ಹಾಳೆಯಲ್ಲಿ ಮಾತ್ರ ಅರವತ್ತು, ಅರವತ್ತು, ಅರವತ್ತು. ಹೇಗೆ ಬರೆದೆ ಎಂದು ಈಗ ಯೋಚಿಸಿದರೆ ಕೈಯೇ ಬರೆಯಿತು, ಲ್ಯಾಬಿನ ಗೋಡೆಯಲ್ಲಿ ಉಷ್ಣಾಂಶದ ಪಟ್ಟಿ ನೇತುಹಾಕಿದೆ, ಎರಡು ಗಂಟೆಗೊಮ್ಮೆ ಕೋಣೆಯದು, ಫ್ರಿಜ್‌ನದು ನೋಡಿ ಬರೆಯಬೇಕು, ಸೇರಿದ ಮೊದಲ ವಾರ ನಾನು ಪ್ರತಿ ಎರಡು ಗಂಟೆಗೆ ಎದ್ದುಹೋಗಿ ನೋಡುತ್ತಿದ್ದೆ, ಸುಧೀರ್‌ಭಾಯಿ ಮೂರನೆಯ ದಿನ ಕರೆದು, ಎ.ಸಿ. ಇಪ್ಪತ್ನಾಲ್ಕಕ್ಕೇ ಇಟ್ಟಿದೆ ಬೆನ್, ಅದು ಎಲ್ಲಿ ಹೋಗುತ್ತೆ, ಬೆಳಿಗ್ಗೆಯೇ ಪಟ್ಟಿಯ ಎಲ್ಲ ಮನೆ ತುಂಬಿಬಿಡಿ, ನಂಬರು ರೇಂಜಿನಲ್ಲಿದ್ದರೆ ಯಾರೂ ಕೇಳುವುದಿಲ್ಲ, ಅಂದರು, ಅವರಿಗೂ ಯಾರೋ ಹಿರಿಯರು ಹಾಗೆಯೇ ಹೇಳಿಕೊಟ್ಟಿದ್ದು. ಮಾದರಿಯ ಪರೀಕ್ಷೆಯ ಅಂಕಿಯಲ್ಲಿ ನಾನು ಇವತ್ತಿನವರೆಗೂ ಒಂದು ದಶಾಂಶ ಬದಲಿಸಿಲ್ಲ, ಅದು ಬೇರೆ, ಇದು ಬೇರೆ, ಇದು ತುಂಬಬೇಕಾದ ಮನೆ ಅಷ್ಟೆ, ಹಾಗಂದುಕೊಂಡು ಏಳು ವರ್ಷ. ಕಳೆದ ಭಾನುವಾರ ಮೊದಲ ವಾರದ ಫೋಟೊ ಪೂರ್ವಿಗೆ ಕಳಿಸಿ, ಪೆನ್ನು ಕೈಯಲ್ಲೇ ಇತ್ತು, ಎರಡನೆಯ ವಾರದ್ದನ್ನೂ ತುಂಬಿಬಿಟ್ಟೆ, ಬೆಳಿಗ್ಗೆ ಅರವತ್ತು ಸಂಜೆ ಅರವತ್ತು, ಹದಿನಾಲ್ಕು ಮನೆ, ನಡೆಯದ ನಡಿಗೆ, ಬರದ ಸೋಮವಾರ, ಬರದ ಮಂಗಳವಾರ, ಇನ್ನೂ ಆಗಿಲ್ಲದ ಇವತ್ತಿನ ಸಂಜೆಯದ್ದೂ ಸೇರಿ, ಅದನ್ನು ಈ ಬೆಳಿಗ್ಗೆ ಎಂಟಕ್ಕೆ ಕಳಿಸಿದ್ದೇನೆ, ಪೂರ್ವಿಯ ಧ್ವನಿ ಸಂದೇಶ ಹತ್ತು ನಿಮಿಷದಲ್ಲಿ ಬಂತು, ನಿಶ್ಚಿತಾಬೆನ್, ನಿಮ್ಮ ಹಾಳೆ ನಮ್ಮಲ್ಲೇ ಎಲ್ಲಕ್ಕಿಂತ ಅಚ್ಚುಕಟ್ಟು, ಫೈನಲ್ ಮಾಡೋಣ, ಬರಾಬರ್ ನೆ? ಬರಾಬರ್, ಎಂದು ಟೈಪ್ ಮಾಡಿದೆ. ಐವತ್ತಾರೋ, ಐವತ್ತೇಳೋ, ತಪ್ಪಿತು.

ವಡೋದರಾದ ಗೋರ್ವಾ ಬಡಾವಣೆಯಿಂದ ಅವರು ಫೋನ್ ಮಾಡದಿದ್ದರೆ ಬರಾಬರ್ ಆಗಿಯೇ ಇರುತ್ತಿತ್ತೇನೋ. ಈ ವಾರದ ಗುರುವಾರ, ಲ್ಯಾಬಿನಲ್ಲಿ ಊಟದ ಡಬ್ಬಿ ತೆಗೆಯುತ್ತಿದ್ದೆ, ವೆಂಕಟಾಚಲ ಅಂತಮ್ಮ, ಚಾಮರಾಜನಗರ, ಅಂದರು, ನಂಬರು ಕೊಟ್ಟವಳು ಪೂರ್ವಿ, ನಿಮ್ಮ ಊರಿನವರೇ ಇನ್ನೊಬ್ಬರು ಫಿರ್ಕಿಗೆ ಅರ್ಜಿ ಹಾಕಿದ್ದಾರೆ, ಮಾತಾಡಿಕೊಳ್ಳಿ ಎಂದು, ದಾವಣಗೆರೆಗೂ ಚಾಮರಾಜನಗರಕ್ಕೂ ಹತ್ತಿರಹತ್ತಿರ ನಾನೂರು ಕಿಲೋಮೀಟರ್ ದೂರ ಇದೆ ಎಂದು ವಡೋದರಾದಿಂದ ಕಾಣುವುದಿಲ್ಲ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು, ದನಿ ನಿಧಾನ, ನಾನು ಸ್ಪರ್ಧೆಗೆ ಬಂದಿಲ್ಲಮ್ಮ, ನೀನು ಇಟ್ಕೊಂಡ್ರೆ ಸಂತೋಷ, ಇಟ್ಕೊಳಲ್ಲ ಅಂದ್ರೆ ಮಾತ್ರ ನಂಗೆ ಹೇಳು. ಮನೆ ಹಿಂದೆ ಕಾಂಪೌಂಡ್ ಇದೆ, ನಲವತ್ತಡಿ ಇಪ್ಪತ್ತೈದಡಿ, ಬೆಳಿಗ್ಗೆ ಎರಡು ಗಂಟೆ ನಡೀತೀನಿ, ಸಂಜೆ ಒಂದೂವರೆ, ಓಡಕ್ಕಾಗಲ್ಲ, ಎಡಮಂಡಿ ಸರಿಯಿಲ್ಲ, ಅದನ್ನೂ ಫಾರ್ಮಲ್ಲಿ ಬರ್ದಿದೀನಿ. ನಂಗೆ ಅರವತ್ನಾಲ್ಕು, ಅವಳು ಇನ್ನು ಹನ್ನೆರಡು ವರ್ಷ ಬದುಕಿದ್ರೆ ನಂಗೆ ಎಪ್ಪತ್ತಾರು, ಅದನ್ನೂ ಬರ್ದಿದೀನಿ, ಅದಕ್ಕೇ ಅವರು ನಿನ್ನ ಹೆಸರು ಮೇಲಿಟ್ರು, ತಪ್ಪೇನಿಲ್ಲ. ನಮ್ಮನೆಯವಳು ಹೇಳ್ತಾಳೆ, ದಾರಿ ಮರೆತು ಎಲ್ಲೋ ಹೋದಾಗ ನಿಮ್ಮನ್ನ ಮನೆಗೆ ಅಟ್ಟಿಕೊಂಡು ಬರಕ್ಕಾದ್ರೂ ಅದು ಇರ್ಲಿ ಅಂತ. ನಾನು ನಕ್ಕೆ, ಅವರೂ ನಕ್ಕರು, ಆಮೇಲೆ, ನೀನು ಓಡ್ತೀಯಂತೆ, ಒಳ್ಳೇದಮ್ಮ, ಅಂದರು. ಚಪಾತಿಯನ್ನು ಡಬ್ಬಿಗೇ ಹಾಕಿ ಮುಚ್ಚಿದೆ. ಆ ಮಾತಿನ ಮಧ್ಯೆ ನನ್ನ ಕಣ್ಣಿಗೆ ಬಂದದ್ದು ಎರಡು ದಿನ ಹಿಂದಿನ ಮಂಗಳವಾರ, ಅವತ್ತಿನಿಂದ ಬರುತ್ತಲೇ ಇದೆ, ಬಸ್ಸಿನಲ್ಲಿ ಕೂತಾಗ, ಲ್ಯಾಬಿನ ಗಾಜಿನ ಫ್ಲಾಸ್ಕು ತೊಳೆಯುವಾಗ, ಎಲ್ಲಿ ಬೇಕಾದರೂ.

ಮಂಗಳವಾರ ಎರಡು ಬ್ಯಾಚ್ ಫೇಲ್ ಆಗಿ ಮತ್ತೆ ಮೊದಲಿಂದ ಪರೀಕ್ಷೆ, ಹನ್ನೆರಡು ಗಂಟೆಯಲ್ಲಿ ಕೂತದ್ದು ಇಪ್ಪತ್ತು ನಿಮಿಷ, ಬಂದಾಗ ಏಳು ನಲವತ್ತೈದು, ಫಿರ್ಕಿ ಬಾಗಿಲಲ್ಲೇ ಮೈಯೆಲ್ಲ ಬಾಲವಾಗಿ ಸುತ್ತುತ್ತಿದ್ದಾಳೆ, ಎರಡು ನಿಮಿಷ ಮರಿ, ಈ ಭಾರದ ಬೂಟು ಬಿಚ್ಚಿ ಚಪ್ಪಲಿ ಹಾಕುತ್ತೇನೆ, ಹೋಗೋಣ, ಎಂದು ಮಂಚದ ಅಂಚಿನಲ್ಲಿ ಕೂತು ಎಡಗಾಲಿನ ಬೂಟು ಬಿಚ್ಚಿದೆ, ಕಾರ್ಖಾನೆಯ ಬೂಟು, ಮುಂದೆ ಉಕ್ಕಿನ ತಗಡು, ಬಲಗಾಲಿನ ಲೇಸಿಗೆ ಕೈ ಹಾಕಿದ್ದು ನೆನಪಿದೆ, ಅಷ್ಟೇ. ಎಚ್ಚರವಾದಾಗ ಕಿಟಕಿಯಲ್ಲಿ ಬೆಳಗಿನ ಜಾವದ ಕತ್ತಲೆ, ನಾಲ್ಕು ಐವತ್ತು, ಲೈಟು ಉರಿಯುತ್ತಲೇ ಇದೆ, ಅಡ್ಡ ಬಿದ್ದುಕೊಂಡಿದ್ದೇನೆ, ಬಲಗಾಲು ಮಂಚದಿಂದ ಕೆಳಗೆ, ಬೂಟು ಹಾಗೆಯೇ ಕಾಲಿನಲ್ಲಿ, ಅದರ ಮುಂದೆ ಒಂದಡಿ ದೂರದಲ್ಲಿ ಫಿರ್ಕಿ ಕೂತಿದ್ದಾಳೆ. ಮಲಗಿಲ್ಲ. ಬೊಗಳಿಲ್ಲ, ಬೊಗಳಿದ್ದರೆ ಮಾಸಿಗೆ ಕೇಳುತ್ತಿತ್ತು. ಬಟ್ಟಲಿನ ನೀರು ಮುಟ್ಟಿಲ್ಲ, ಊಟ ನಾನು ಹಾಕಿಯೇ ಇರಲಿಲ್ಲ, ಮನೆಯಲ್ಲಿ ಎಲ್ಲೂ ಒದ್ದೆ ಇಲ್ಲ, ಒಂಬತ್ತು ಗಂಟೆ ಕಟ್ಟಿಕೊಂಡು ಕೂತಿದ್ದಾಳೆ, ಕಣ್ಣು ನನ್ನ ಮುಖದ ಮೇಲೆ ಅಲ್ಲ, ಬೂಟು ಹಾಕಿದ್ದ ಆ ಒಂದು ಕಾಲಿನ ಮೇಲೆ. ಎರಡೂ ಕಾಲು ಬರಿದಾಗಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು, ಇವತ್ತು ಇಲ್ಲ ಎಂದು ತಿಳಿದು ಹೋಗಿ ಮಲಗುತ್ತಿದ್ದಳು, ಒಂದು ಇನ್ನೂ ಇದೆ, ಬೂಟು ಇದ್ದರೆ ಹೊರಗೆ ಹೋಗುವುದು ಬಾಕಿ ಇದೆ. ಅವತ್ತು ಬೆಳಿಗ್ಗೆ ಮೂವತ್ತೈದು ನಿಮಿಷ ನಡೆಸಿದೆ, ಅವಳು ಮೊದಲ ಕಂಬದ ಹತ್ತಿರ ನಿಂತದ್ದೇ ಒಂದು ನಿಮಿಷ. ವಾಪಸು ಬಂದು ನೀರು ಕುಡಿಯುವಾಗ ಫ್ರಿಜ್‌ನ ಮೇಲೆ ಹಾಳೆ ಕಂಡಿತು, ಮಂಗಳವಾರ, ಸಂಜೆ, ಅರವತ್ತು, ನನ್ನದೇ ದುಂಡು ಅಕ್ಷರ, ಎರಡು ದಿನ ಮೊದಲೇ ಬರೆದದ್ದು.

ನಾಲ್ಕು ಐವತ್ತೈದು. ಫೋನಿನಲ್ಲಿ ಹೆಜ್ಜೆಗಳ ದಾಖಲೆ ಇದೆ, ಗಂಟೆ ಗಂಟೆಗೂ ಇದೆ, ಅದಕ್ಕೆ ರೇಂಜು ಗೀಂಜು ಗೊತ್ತಿಲ್ಲ, ಈ ವಾರ ಸೋಮವಾರ ಸಂಜೆ ಹದಿನೈದು ನಿಮಿಷದಷ್ಟು, ಮಂಗಳವಾರ ಎಂಟರ ನಂತರ ಸೊನ್ನೆ, ಶನಿವಾರ ಸಂಜೆಯೂ ಸೊನ್ನೆ. ಪೆನ್ನು ಎಲ್ಲಿ. ಪರೀಕ್ಷೆಯ ದಾಖಲೆಯಲ್ಲಿ ತಪ್ಪಾದರೆ ವೈಟ್ನರ್ ಬಳಿಯುವಂತಿಲ್ಲ, ಹಾಳೆ ಹರಿಯುವಂತಿಲ್ಲ, ಒಂದೇ ಗೆರೆ ಎಳೆಯಬೇಕು, ಹಳೆಯ ಅಂಕಿ ಓದುವಂತೆ ಉಳಿಯಬೇಕು, ಪಕ್ಕದಲ್ಲಿ ಸರಿಯಾದದ್ದು, ಚಿಕ್ಕ ಸಹಿ, ತಾರೀಕು, ಅದನ್ನು ಕಲಿಸಿದವರೂ ಸುಧೀರ್‌ಭಾಯಿಯೇ. ಗೆರೆ, ನಲವತ್ತು, ಸಹಿ. ಗೆರೆ, ಇಪ್ಪತ್ತೈದು, ಸಹಿ. ಒಂಟಿಯಾಗಿರುವ ಗಂಟೆ ಆರಕ್ಕೆ ಗೆರೆ, ಹನ್ನೆರಡು ಗಂಟೆ ಐವತ್ತು ನಿಮಿಷ, ಮಧ್ಯೆ ನೆರೆಮನೆಯವರು ಅರ್ಧ ಗಂಟೆ, ಸಹಿ. ಇಪ್ಪತ್ತೊಂದು ಗೆರೆ ಆಯಿತು, ಫೋಟೊ ತೆಗೆದು ಕಳಿಸಿದೆ, ಎರಡು ನೀಲಿ ಗೀಟು, ಫೋನ್ ಬಂತು, ಹೈವೇಯ ಗಾಳಿಯ ಸದ್ದಿನಲ್ಲಿ ಪೂರ್ವಿ, ನಿಶ್ಚಿತಾಬೆನ್, ಆಗಲೇ ಹೊರಟಾಗಿದೆ, ಗಾಡಿ ಪಕ್ಕಕ್ಕೆ ಹಾಕಿದ್ದೇನೆ, ಇದೇನು ಕಳಿಸಿದ್ದೀರಿ, ಬೆಳಿಗ್ಗೆಯದು ಒಂದಿದೆ, ಈಗ ಇದೊಂದು, ನಾನು ಯಾವುದು ಇಟ್ಟುಕೊಳ್ಳಲಿ. ಎರಡನೆಯದು, ಅಂದೆ. ಅವಳ ಕಡೆ ಲಾರಿಯೊಂದು ಹಾದುಹೋಯಿತು, ಬೆಳಿಗ್ಗೆ ಎಂಟಕ್ಕೇ ಸಂಜೆಯ ಅರವತ್ತು ಬರೆದಿದ್ದಿರಿ, ನಾನು ಅದನ್ನು ನೋಡಿದೆ ಬೆನ್, ನೋಡಿಯೇ ಫೈನಲ್ ಅಂದೆ, ನಲವತ್ತು ನಾಯಿ ಇವೆ ನನ್ನ ಹತ್ತಿರ, ಒಂದಾದರೂ ಮನೆ ಸೇರಲಿ ಅಂತ. ಅವಳ ದನಿಯಲ್ಲೂ ಸಿಟ್ಟಿರಲಿಲ್ಲ, ಸುಧೀರ್‌ಭಾಯಿಯ ದನಿಯಲ್ಲಿರುವುದೇ ಇತ್ತು, ಶನಿವಾರದ ದಣಿವು. ಗೋರ್ವಾದ ಅಂಕಲ್‌ಗೆ ಹೇಳಲೇ ಎಂದು ಕೇಳಿದಳು, ನಾನೇ ಹೇಳುತ್ತೇನೆ ಅಂದೆ, ಹೇಳಿದೆ, ಓಡ್ತಾ ಇಲ್ಲ ಸರ್ ನಾನು, ಓಡ್ತಿದ್ದೆ, ಅಷ್ಟೇ, ಅವರು ಯಾಕೆ ಏನು ಎಂದು ಕೇಳಲಿಲ್ಲ, ಅವಳು ಯಾವ ಮಾತಿಗೆ ಕೂರ್ತಾಳೆ, ಯಾವ ಭಾಷೇಲಿ, ಎಂದು ಕೇಳಿ ಬರೆದುಕೊಂಡರು, ಪೆನ್ನಿನ ಸದ್ದು ಕೇಳಿಸಿತು, ಭಾನುವಾರ ಯಾವಾಗ ಬೇಕಾದ್ರೂ ಬಾರಮ್ಮ, ನೋಡ್ಕೊಂಡು ಹೋಗು, ಅಂದರು.

ಐದೂವರೆ. ಬಾಲ್ಕನಿಯ ಕಂಬಿ ಇನ್ನೂ ಸುಡುತ್ತದೆ, ರಸ್ತೆಗೆ ಇಳಿಯುವಂತಿಲ್ಲ, ಆರಕ್ಕೆ ಗಾಡಿ ಬರುತ್ತದೆ, ಬಟ್ಟಲು, ಬೆಲ್ಟು, ಉಳಿದ ತಿಂಡಿ ಒಂದು ಚೀಲಕ್ಕೆ ಹಾಕಿದ್ದೇನೆ, ಮಾಸಿಗೆ ಹೇಳಬೇಕು, ಅಮ್ಮನಿಗೆ ನಾಳೆ ಹೇಳಿದರಾಯಿತು, ನಾಳೆ ಆರು ಇಪ್ಪತ್ತಕ್ಕೆ ಬಸ್ಸು, ಅಂದರೆ ಐದೂಮುಕ್ಕಾಲಿನವರೆಗೆ ಮಲಗಬಹುದು, ಎಷ್ಟು ಬೇಕಾದರೂ ಮಲಗಬಹುದು, ಮೈ ಅದನ್ನೇ ಬೇಡುತ್ತಿದೆ, ಅದಕ್ಕೂ ನಾಚಿಕೆ — ಫಿರ್ಕಿ ಸುತ್ತುವುದು ನಿಲ್ಲಿಸಿದ್ದಾಳೆ, ಚೀಲದ ಪಕ್ಕ ಕೂತಿದ್ದಾಳೆ, ನಾಲ್ಕೂ ಕಾಲು ಸೇರಿಸಿ, ಕಾಂಪೌಂಡು ನಲವತ್ತಡಿ ಇಪ್ಪತ್ತೈದಡಿ, ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದೂವರೆ, ಅದು ಸರಿಯಾದ ಲೆಕ್ಕ, ಲೆಕ್ಕ ಸರಿಯಿದೆ, ಕಣ್ಣು ಮುಚ್ಚುತ್ತೇನೆ, ಮತ್ತೆ ಆ ಮಂಗಳವಾರ, ಲೈಟು ಉರಿಯುತ್ತಿದೆ, ಎಡಗಾಲು ಬರಿದು, ಬಲಗಾಲಿನಲ್ಲಿ ಬೂಟು, ಲೇಸು ಅರ್ಧ ಬಿಚ್ಚಿದೆ, ಒಂದಡಿ ದೂರದಲ್ಲಿ ಅವಳು, ನೀರು ಮುಟ್ಟಿಲ್ಲ, ಮಲಗಿಲ್ಲ, ಬೂಟು ಇದ್ದ ಆ ಒಂದು ಕಾಲನ್ನೇ ನೋಡುತ್ತ, ಒಂದು ಕಾಲನ್ನೇ